ಎರಡನೇ ಕರೆ ಎಲ್ಲಿಗೆ ಹೋಗಬೇಕು? ಮನೆ ಆಫೀಸಿಗೆ ಎರಡು ಲೈನಿನ ಫೋನ್ ಆರಿಸುವ ಬಗೆ

ದಾವಣಗೆರೆಯ ವಿದ್ಯಾನಗರದಲ್ಲೋ ಎಂ.ಸಿ.ಸಿ. ಬಿ ಬ್ಲಾಕ್‌ನಲ್ಲೋ ಮನೆಯ ಮುಂದಿನ ಕೋಣೆಯನ್ನೇ ಆಫೀಸ್ ಮಾಡಿಕೊಂಡ ತೆರಿಗೆ ಸಲಹೆಗಾರರು ಎಷ್ಟೋ ಜನ ಇದ್ದಾರೆ. ತಿಂಗಳ 20ನೇ ತಾರೀಕು ಅವರನ್ನು ನೋಡಬೇಕು. ತಿಂಗಳ ಜಿಎಸ್‌ಟಿ ತೆರಿಗೆ ಲೆಕ್ಕದ ರಿಟರ್ನ್, ಅಂದರೆ ಜಿಎಸ್‌ಟಿಆರ್-3ಬಿ ಹಾಕಲು ಅವತ್ತೇ ಕೊನೆ ದಿನ. ಮಂಡಿಪೇಟೆಯ ಅಂಗಡಿಯವರೊಬ್ಬರಿಗೆ ಲೆಕ್ಕ ಬಿಡಿಸಿ ಹೇಳುತ್ತಿರುವಾಗಲೇ ಇನ್ನೊಬ್ಬರ ಕರೆ ಬರುತ್ತದೆ, ಅದರ ಹಿಂದೆ ಮತ್ತೊಂದು. 11ನೇ ತಾರೀಕೂ ಇದೇ ಪಾಡು, ಅವತ್ತು ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1. ಉಳಿದ ದಿನಗಳಲ್ಲಿ ಫೋನ್ ಸುಮ್ನೆ ಕೂತಿರುತ್ತದೆ. ಮೆಕ್ಕೆಜೋಳದ ದಲಾಲರಿಗೆ ಸುಗ್ಗಿ ಶುರುವಾದ ಮೇಲೆ ಬೆಳಗ್ಗೆ ಹೊತ್ತು ಹೀಗೇ. ಚಿತ್ರದುರ್ಗದ ಕಡೆ ಭೀಮಸಮುದ್ರದ ಅಡಿಕೆ ವ್ಯಾಪಾರಿಗಳಿಗೆ ರೇಟು ಏರಿಳಿದ ದಿನ ಹೀಗೆ.

ಇಂಥವರು "ಎರಡು ಲೈನಿನ ಫೋನ್ ತಗೋಬೇಕು, ಮೆಸೇಜ್ ರೆಕಾರ್ಡ್ ಆಗೋದು ಇರಬೇಕು, ಯಾವ ಕಂಪನಿದು ಒಳ್ಳೇದು?" ಅಂತ ಕೇಳುತ್ತಾರೆ. ಕಂಪನಿಯ ಹೆಸರು ಕೊನೆಗೆ ನೋಡಿದರೆ ಸಾಕು. ಮೊದಲು ಇತ್ಯರ್ಥ ಆಗಬೇಕಾದ್ದು ಒಂದೇ ವಿಷಯ: ನೀವು ಒಬ್ಬರ ಜೊತೆ ಮಾತಾಡುತ್ತಿರುವಾಗ ಬರುವ ಎರಡನೇ ಕರೆ ಎಲ್ಲಿಗೆ ಹೋಗಬೇಕು? ಬಿಜಿ ಟೋನ್ ಕೇಳಿ ಆತ ಫೋನ್ ಇಡಬೇಕೇ? ನಿಮ್ಮ ಕಿವಿಗೇ ಬೀಪ್ ಆಗಿ ಬರಬೇಕೇ? ಮನೆಯಲ್ಲಿ ಬೇರೆ ಯಾರಾದರೂ ಎತ್ತಬೇಕೇ? ಅಥವಾ ರೆಕಾರ್ಡಿಂಗ್‌ಗೆ ಹೋಗಬೇಕೇ? ಇದಕ್ಕೆ ಉತ್ತರ ಸಿಕ್ಕರೆ ಯಾವ ಡಬ್ಬ ತರಬೇಕು ಅನ್ನುವುದು ತಾನಾಗಿ ತೀರ್ಮಾನ ಆಗುತ್ತದೆ.

ಒಂದೇ ಫೋನಿನಲ್ಲಿ ಎರಡು ಸಿಮ್ ಇದೆಯಲ್ಲ, ಸಾಲದಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಸಾಲದು. ಯಾಕೆ ಅಂತ ಬಿಡಿಸಿ ನೋಡೋಣ.

ಸಾಮಾನ್ಯ ಡ್ಯುಯಲ್ ಸಿಮ್ ಮೊಬೈಲ್‌ಗಳಲ್ಲಿ ಎರಡೂ ಸಿಮ್ ಕರೆಗೆ ಕಾಯುತ್ತಿರುತ್ತವೆ. ಆದರೆ ಮಾತಾಡಲು ರೇಡಿಯೋ ಒಂದೇ ಇರುತ್ತದೆ. ಎರಡು ಬಾಗಿಲಿನ ಮನೆಗೆ ಒಬ್ಬನೇ ಆಳು ಇದ್ದ ಹಾಗೆ. ಅವನು ಮುಂಬಾಗಿಲಲ್ಲಿ ಮಾತಿಗೆ ನಿಂತರೆ ಹಿತ್ತಲ ಬಾಗಿಲು ಬಡಿದವರಿಗೆ ಮನೆಯಲ್ಲಿ ಯಾರೂ ಇಲ್ಲ ಅನ್ನಿಸುತ್ತದೆ. ಒಂದನೇ ಸಿಮ್‌ನಲ್ಲಿ ನೀವು ಮಾತಾಡುವಾಗ ಎರಡನೇ ಸಿಮ್‌ಗೆ ಕರೆ ಮಾಡಿದವರಿಗೆ ಬಿಜಿ ಟೋನ್ ಕೂಡ ಬರುವುದಿಲ್ಲ. ಸ್ವಿಚ್ ಆಫ್ ಆಗಿದೆ ಅಥವಾ ವ್ಯಾಪ್ತಿ ಪ್ರದೇಶದ ಹೊರಗಿದೆ ಅಂತ ಹೇಳುವ ಹೆಣ್ಣು ಧ್ವನಿ ಬರುತ್ತದೆ. ಗಿರಾಕಿಗೆ ಬಿಜಿ ಅಂದರೆ ಇನ್ನೊಮ್ಮೆ ಮಾಡುವ ಮನಸ್ಸಾಗುತ್ತದೆ. ಸ್ವಿಚ್ ಆಫ್ ಅಂದರೆ ಪಕ್ಕದ ಬೀದಿಯವರಿಗೆ ಫೋನ್ ಮಾಡುತ್ತಾನೆ.

ಕೆಲವು ಹೊಸ ಫೋನ್‌ಗಳಲ್ಲಿ ಇದಕ್ಕೆ ದಾರಿ ಇದೆ. ಒಂದು ಸಿಮ್ ಮಾತಿನಲ್ಲಿದ್ದಾಗ ಇನ್ನೊಂದು ಸಿಮ್ಮಿನ ಕರೆ ವೈಫೈ ಅಥವಾ ಮೊದಲ ಸಿಮ್ಮಿನ ಡೇಟಾ ಮೇಲೆ ಬರುತ್ತದೆ. ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್ ಚಾಲೂ ಮಾಡಿ ನೋಡಿ. ಆಗದಿದ್ದರೆ ಹಳೇ ಉಪಾಯ ಒಂದಿದೆ. ಫಾರ್ವರ್ಡ್ ಅಂದರೆ ಬಂದ ಕರೆಯನ್ನು ಬೇರೆ ನಂಬರಿಗೆ ತಿರುಗಿಸುವುದು. ಎರಡನೇ ಸಿಮ್‌ನಲ್ಲಿ "ಸಂಪರ್ಕಕ್ಕೆ ಸಿಗದಿದ್ದಾಗ" ಅನ್ನುವ ಫಾರ್ವರ್ಡ್‌ಗೆ ಒಂದನೇ ಸಿಮ್ ನಂಬರ್ ಕೊಡಿ. ಒಂದನೇದರಲ್ಲಿ ಎರಡನೇದರ ನಂಬರ್ ಕೊಡಿ. ಎರಡರಲ್ಲೂ ಕಾಲ್ ವೇಟಿಂಗ್, ಅಂದರೆ ಮಾತಿನ ನಡುವೆ ಬಂದ ಕರೆಯನ್ನು ಬೀಪ್ ಮಾಡಿ ತಿಳಿಸುವ ಸೌಲಭ್ಯ ಇರಲಿ. ಆಗ ಎರಡನೇ ಸಿಮ್‌ಗೆ ಬಂದ ಕರೆ ಸುತ್ತಿ ಬಳಸಿ ಒಂದನೇದರ ಬೀಪ್ ಆಗಿ ನಿಮ್ಮ ಕಿವಿಗೆ ಬೀಳುತ್ತದೆ.

ಇಲ್ಲೊಂದು ಎಚ್ಚರಿಕೆ. ಫಾರ್ವರ್ಡ್ ಹಾಕಲು ಫೋನಿನ ಸೆಟ್ಟಿಂಗ್ ಬಳಸಿ. ಯಾರೋ ಫೋನ್ ಮಾಡಿ "ನಿಮ್ಮ ಸಿಮ್ ಬಂದ್ ಆಗುತ್ತೆ, *401# ಒತ್ತಿ ಈ ನಂಬರ್ ಹಾಕಿ" ಅಂದರೆ ಒತ್ತಬೇಡಿ. ನಿಮ್ಮ ಕರೆಗಳೆಲ್ಲ ಅವರ ಕಡೆ ತಿರುಗುತ್ತವೆ, ಫೋನಿನಲ್ಲಿ ಹೇಳುವ ಓಟಿಪಿಯೂ ಸೇರಿ. ಈ ಮೋಸ ಜಾಸ್ತಿ ಆದದ್ದಕ್ಕೇ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಹೀಗೆ ಕೋಡ್ ಒತ್ತಿ ಹಾಕುವ ಫಾರ್ವರ್ಡ್ ನಿಲ್ಲಿಸಲು ಕಂಪನಿಗಳಿಗೆ ಹೇಳಿತು. ಅನುಮಾನ ಬಂದರೆ ##002# ಒತ್ತಿ. ಇದ್ದಬದ್ದ ಫಾರ್ವರ್ಡ್ ಎಲ್ಲ ರದ್ದಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಮಾತಾಡುವವರು ನೀವೊಬ್ಬರೇ, ಕಿವಿಯೂ ಒಂದೇ ಫೋನಿನಲ್ಲಿ. ಒಳಗಿನ ಕೋಣೆಯಿಂದ ಮಗಳು ಬಂದು ಎರಡನೇ ಕರೆ ಎತ್ತಬೇಕು ಅಂದರೆ ಮೊಬೈಲ್ ಕೆಲಸಕ್ಕೆ ಬರುವುದಿಲ್ಲ. ಮೇಜಿನ ಮೇಲೆ ಕೂರುವ ಫೋನ್ ಬೇಕಾಗುವುದು ಅದಕ್ಕೇ. ಇನ್ನೊಂದು ಕಾರಣವೂ ಇದೆ. ದಾವಣಗೆರೆಯ 08192, ಚಿತ್ರದುರ್ಗದ 08194 ಕಂಡರೆ ಊರವರಿಗೆ ಒಂದು ಭರವಸೆ. ಫೋನಿಗೊಂದು ವಿಳಾಸ ಇದೆ ಅಂತ ಅನ್ನಿಸುತ್ತದೆ. ವ್ಯಾಪಾರಕ್ಕೆ ಅದು ಸಣ್ಣ ಮಾತಲ್ಲ, ಅಲ್ವಾ?

ಲೈನ್ ಎಲ್ಲಿಂದ ಬರುತ್ತದೆ ಅನ್ನುವುದು ಮುಖ್ಯ

ಹಳೇ ಲ್ಯಾಂಡ್‌ಲೈನ್ ಅಂದರೆ ಎಕ್ಸ್‌ಚೇಂಜ್‌ನಿಂದ ಮನೆವರೆಗೆ ಒಂದು ಜೊತೆ ತಾಮ್ರದ ತಂತಿ. ಆ ತಂತಿಯಲ್ಲೇ 48 ವೋಲ್ಟ್ ಡಿಸಿ ಕರೆಂಟ್ ಬರುತ್ತಿತ್ತು. ಎಕ್ಸ್‌ಚೇಂಜ್‌ನಲ್ಲಿ ಸಾಲು ಸಾಲು ಬ್ಯಾಟರಿ ಇರುತ್ತಿದ್ದವು. ಅದಕ್ಕೇ ಊರಿಗೆಲ್ಲ ಕರೆಂಟ್ ಹೋದರೂ ಫೋನ್ ಬಡಿಯುತ್ತಿತ್ತು. ಎರಡು ಲೈನ್ ಬೇಕು ಅಂದರೆ ಎರಡು ಜೊತೆ ತಂತಿ.

ಈಗ ಹೊಸದಾಗಿ ಅರ್ಜಿ ಹಾಕಿದರೆ ಬಹುತೇಕ ಕಡೆ ಬರುವುದು ಫೈಬರ್. ಗೋಡೆಗೆ ಒಎನ್‌ಟಿ ಅನ್ನುವ ಬಿಳಿ ಡಬ್ಬ ಹಾಕುತ್ತಾರೆ. ವೈಫೈ ಕೊಡುವುದು ಅದೇ, ಫೋನ್ ಕೊಡುವುದೂ ಅದೇ. ಅದರ ಹಿಂದೆ ಇಂಟರ್ನೆಟ್ ಕೇಬಲ್ಲಿನ ತೂತುಗಳ ಪಕ್ಕದಲ್ಲಿ ಸ್ವಲ್ಪ ಸಣ್ಣ ತೂತು ಇರುತ್ತದೆ, ಟೆಲ್ ಅಥವಾ ಫೋನ್ ಅಂತ ಬರೆದಿರುತ್ತದೆ. ಕೆಲವು ಡಬ್ಬಗಳಲ್ಲಿ ಒಂದೇ ತೂತು, ಕೆಲವದರಲ್ಲಿ ಟೆಲ್ 1, ಟೆಲ್ 2 ಅಂತ ಎರಡು. ಎರಡು ತೂತು ಕಂಡಾಕ್ಷಣ ಎರಡು ಲೈನ್ ಸಿಕ್ಕಿತು ಅಂದುಕೊಳ್ಳಬೇಡಿ. ಎರಡನೇ ನಂಬರಿಗೆ ಬೇರೆ ಅರ್ಜಿ ಹಾಕಬೇಕು, ಕಂಪನಿಯವರು ಅದನ್ನು ಆ ತೂತಿಗೆ ಜೋಡಿಸಬೇಕು. ಒಂದು ಮಾಮೂಲಿ ಫೋನ್ ಚುಚ್ಚಿ ನೋಡಿ. ಡಯಲ್ ಟೋನ್ ಬಂದರೆ ಲೈನ್ ಇದೆ, ಬರದಿದ್ದರೆ ಅದು ಬರೀ ತೂತು.

ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ, ಬೆಳಕು ಹರಿಯುತ್ತದೆ. ಹಾಗಾಗಿ ಮನೆಯ ಕರೆಂಟ್ ಹೋದ ಕೂಡಲೇ ಎರಡೂ ಲೈನ್ ಸತ್ತವು. ನಮ್ಮ ಎರಡೂ ಜಿಲ್ಲೆ ಬೆಸ್ಕಾಂಗೆ ಸೇರಿವೆ, ಬೇಸಿಗೆಯಲ್ಲಿ ಕರೆಂಟ್ ಹೋಗುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಒಎನ್‌ಟಿಗೆ ಒಂದು ಸಣ್ಣ ಯುಪಿಎಸ್ ಹಾಕಿ. ರೂಟರ್‌ಗೆ ಅಂತಲೇ ಸಿಗುತ್ತವೆ. ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ಓದಿಕೊಂಡು ಹೋಗಿ, ಸಾಮಾನ್ಯವಾಗಿ 12 ವೋಲ್ಟ್ ಇರುತ್ತದೆ. ಪಿನ್ನಿನ ಗಾತ್ರವೂ ಹೊಂದಬೇಕು. ಮನೆಗೆ ಇನ್ವರ್ಟರ್ ಇದೆ, ಇದೆಲ್ಲ ಯಾಕೆ ಅನ್ನುವವರಿಗೆ ಒಂದು ಮಾತು. ಇನ್ವರ್ಟರ್ ಹತ್ತಿಕೊಳ್ಳುವ ಆ ಕ್ಷಣದಲ್ಲಿ ಕೆಲವು ಒಎನ್‌ಟಿಗಳು ಆರಿ ಮತ್ತೆ ಶುರುವಾಗುತ್ತವೆ. ದೀಪಗಳೆಲ್ಲ ಹಸಿರಾಗಿ ಡಯಲ್ ಟೋನ್ ಬರಲು ಒಂದೆರಡು ನಿಮಿಷ ಬೇಕು. ಮಾತಿನ ನಡುವೆ ಇದ್ದ ಕರೆ ಅಷ್ಟರಲ್ಲಿ ಹೋಗಿರುತ್ತದೆ.

ಹಂಟಿಂಗ್, ಮತ್ತು ಅದನ್ನು ಕೆಡಿಸುವ ಕಾಲ್ ವೇಟಿಂಗ್

ಎರಡು ಲೈನ್ ಹಾಕಿಸಿದ ಮೇಲೆ ಬೋರ್ಡಿನಲ್ಲಿ, ವಿಸಿಟಿಂಗ್ ಕಾರ್ಡಿನಲ್ಲಿ ಎರಡೂ ನಂಬರ್ ಹಾಕುವವರೇ ಜಾಸ್ತಿ. ನನ್ನನ್ನು ಕೇಳಿದರೆ ಒಂದೇ ಹಾಕಿ. ಜನ ಯಾವಾಗಲೂ ಮೇಲಿನ ನಂಬರಿಗೇ ಮಾಡುತ್ತಾರೆ. ಅದು ಬಿಜಿ ಬಂದರೆ ಕೆಳಗಿನದಕ್ಕೆ ಮಾಡುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಆ ಕೆಲಸವನ್ನು ಎಕ್ಸ್‌ಚೇಂಜ್ ತಾನೇ ಮಾಡಿಕೊಡುತ್ತದೆ. ಅದಕ್ಕೆ ಹಂಟಿಂಗ್ ಅಂತ ಹೆಸರು. ಬಿಎಸ್‌ಎನ್‌ಎಲ್‌ನವರ ಹತ್ತಿರ ಇದೇ ಹೆಸರು ಹೇಳಿ ಕೇಳಿ. ಮುಖ್ಯ ನಂಬರ್ ಒಂದು ಇರುತ್ತದೆ, ಅದು ಮಾತಿನಲ್ಲಿದ್ದರೆ ಕರೆ ಎರಡನೇ ಲೈನಿಗೆ ತಾನೇ ಜಿಗಿಯುತ್ತದೆ. ಫೋನ್ ಮಾಡಿದವರಿಗೆ ಏನೂ ಗೊತ್ತಾಗುವುದಿಲ್ಲ, ಅವರಿಗೆ ರಿಂಗ್ ಕೇಳಿಸುತ್ತದೆ ಅಷ್ಟೆ. ಇದಕ್ಕೆ ಎರಡೂ ನಂಬರ್ ಒಂದೇ ಕಂಪನಿಯವು ಇರಬೇಕು.

ಒಂದು ನಂಬರ್ ಒಂದು ಕಂಪನಿಯದು, ಇನ್ನೊಂದು ಬೇರೆ ಕಂಪನಿಯದು ಅನ್ನಿ. ಆಗ ಮೊದಲ ನಂಬರಿನಲ್ಲಿ "ಬಿಜಿ ಇದ್ದಾಗ ಫಾರ್ವರ್ಡ್" ಹಾಕಿ ಎರಡನೇ ನಂಬರ್ ಕೊಡಿ. ಹೆಚ್ಚೂ ಕಡಿಮೆ ಅದೇ ಫಲ. ಫಾರ್ವರ್ಡ್ ಆದ ಭಾಗಕ್ಕೆ ನಿಮ್ಮ ಪ್ಲಾನಿನಲ್ಲಿ ದುಡ್ಡು ಬೀಳುತ್ತದೋ ಇಲ್ಲವೋ ಮೊದಲೇ ಕೇಳಿಕೊಳ್ಳಿ. ಎರಡನೇದರಿಂದ ವಾಪಸ್ ಮೊದಲನೇದಕ್ಕೂ ಫಾರ್ವರ್ಡ್ ಹಾಕಬೇಡಿ. ಎರಡೂ ಬಿಜಿ ಇದ್ದಾಗ ಕರೆ ಅಲ್ಲಿಂದಿಲ್ಲಿಗೆ ಸುತ್ತಿ ಕೊನೆಗೆ ಕಡಿದುಹೋಗುತ್ತದೆ.

ಈಗ ಹೇಳುವುದು ಸಣ್ಣ ವಿಷಯ, ಆದರೆ ಎರಡು ಲೈನ್ ಹಾಕಿಸಿಯೂ ಗೋಳಾಡುವವರ ಮನೆಯಲ್ಲಿ ಸಾಮಾನ್ಯವಾಗಿ ತಪ್ಪಿರುವುದು ಇಲ್ಲೇ. ಮುಖ್ಯ ಲೈನಿನಲ್ಲಿ ಕಾಲ್ ವೇಟಿಂಗ್ ಚಾಲೂ ಇದ್ದರೆ ಆ ಲೈನ್ ಬಿಜಿ ಆಗುವುದೇ ಇಲ್ಲ. ಎರಡನೇ ಕರೆ ಬಂದಾಗ ಎಕ್ಸ್‌ಚೇಂಜ್ ಅದನ್ನು ನಿಮ್ಮ ಕಿವಿಯೊಳಗೆ ಬೀಪ್ ಮಾಡಿ ಕೂರಿಸುತ್ತದೆ. ಬಿಜಿ ಆಗದಿದ್ದರೆ ಹಂಟಿಂಗ್ ಯಾಕೆ ಜಿಗಿಯುತ್ತದೆ? ಎರಡನೇ ಲೈನಿನ ಫೋನ್ ಪಕ್ಕದಲ್ಲೇ ಮೌನವಾಗಿ ಕೂತಿರುತ್ತದೆ, ತಿಂಗಳ ಬಾಡಿಗೆ ಮಾತ್ರ ಹೋಗುತ್ತಿರುತ್ತದೆ. ಹಾಗಾಗಿ ಹಂಟಿಂಗ್ ಬೇಕಾದರೆ ಮುಖ್ಯ ಲೈನಿನಲ್ಲಿ ಕಾಲ್ ವೇಟಿಂಗ್ ತೆಗೆಸಿ. ಕೊಟ್ಟವರೇ ತೆಗೆಯುತ್ತಾರೆ, ಕೇಳಬೇಕು ಅಷ್ಟೆ.

ನೀವಾಗಿ ಮಾಡುವ ಕರೆಗಳಿಗೆ ಎರಡನೇ ಲೈನ್ ಬಳಸಿ, ಮುಖ್ಯ ಲೈನ್ ಬರುವ ಕರೆಗಳಿಗೆ ಖಾಲಿ ಇರಲಿ. ಆದರೆ ಎದುರಿನವರ ಮೊಬೈಲಿನಲ್ಲಿ ಎರಡನೇ ನಂಬರ್ ಉಳಿಯುತ್ತದೆ, ಮುಂದಿನ ಸಲ ಅವರು ಅದಕ್ಕೇ ಮಾಡುತ್ತಾರೆ. ಆದ್ದರಿಂದ ಆ ನಂಬರಿಗೂ ರೆಕಾರ್ಡಿಂಗ್ ವ್ಯವಸ್ಥೆ ಇರಲಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಮೊಬೈಲಿಗೆ ಮಾಡುವಾಗ ಮುಂದೆ 0 ಒತ್ತಬೇಕು ಅನ್ನುವುದೂ ನೆನಪಿರಲಿ. ಹೊಸ ಫೋನಿನ ಸ್ಪೀಡ್ ಡಯಲ್‌ಗೆ ನಂಬರ್ ತುಂಬುವಾಗಲೇ 0 ಸೇರಿಸಿಬಿಡಿ.

ಈಗ ಡಬ್ಬದ ವಿಷಯ

ಎರಡು ಲೈನಿನ ಫೋನ್ ಅಂದರೆ ಒಂದೇ ರಿಸೀವರ್, ಎರಡು ಗುಂಡಿ. ಒಂದನ್ನು ಒತ್ತಿದರೆ ಲೈನ್ 1, ಇನ್ನೊಂದು ಲೈನ್ 2. ಮಾತಾಡುತ್ತಿರುವವರನ್ನು ಹೋಲ್ಡ್‌ಗೆ ಹಾಕಿ ಇನ್ನೊಂದು ಎತ್ತಬಹುದು. ಇಬ್ಬರನ್ನೂ ಸೇರಿಸಿ ಮೂವರು ಮಾತಾಡಬಹುದು. ಕೊಳ್ಳುವಾಗ ಗುಂಡಿಯ ಪಕ್ಕ ದೀಪ ಇದೆಯೇ ನೋಡಿ, ಯಾವ ಲೈನ್ ಹೋಲ್ಡ್‌ನಲ್ಲಿದೆ ಅಂತ ಕಣ್ಣಿಗೆ ಕಾಣಬೇಕು. ಎರಡು ಲೈನಿಗೂ ಬೇರೆ ಬೇರೆ ರಿಂಗ್ ಇಡಲು ಬಂದರೆ ಅಡುಗೆಮನೆಯಲ್ಲಿದ್ದರೂ ಯಾವುದು ಬಡಿಯುತ್ತಿದೆ ಅಂತ ತಿಳಿಯುತ್ತದೆ. ಉಳಿದ ಗುಂಡಿಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಫೋನ್ ತಂದ ದಿನ ಕಾಡುವುದು ವೈರು. ಫೋನ್ ವೈರಿನ ತುದಿಯ ಪಾರದರ್ಶಕ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ. ಇದಕ್ಕೆ ಆರ್‌ಜೆ-11 ಅನ್ನುತ್ತಾರೆ. ಒಳಗೆ ಚಿನ್ನದ ಬಣ್ಣದ ಸಣ್ಣ ಕಡ್ಡಿಗಳು ಕಾಣುತ್ತವೆ. ಮಾಮೂಲಿ ವೈರಿನಲ್ಲಿ ನಡುವೆ ಎರಡೇ ಕಡ್ಡಿ ಇರುವುದುಂಟು, ಒಂದು ಲೈನಿಗೆ ಅಷ್ಟು ಸಾಕು. ಎರಡು ಲೈನಿನ ಫೋನ್ ಒಂದೇ ವೈರಿನಲ್ಲಿ ಎರಡನ್ನೂ ತಗೊಳ್ಳುವಾಗ ನಡುವಿನ ಎರಡು ಕಡ್ಡಿ ಲೈನ್ 1ಕ್ಕೆ, ಅವುಗಳ ಆಚೀಚೆಯ ಎರಡು ಕಡ್ಡಿ ಲೈನ್ 2ಕ್ಕೆ. ಅಂದರೆ ನಾಲ್ಕು ಎಳೆಯ ವೈರು ಬೇಕು. ಹಳೇ ಎರಡೆಳೆ ವೈರನ್ನು ಚುಚ್ಚಿ "ಲೈನ್ 2 ಬರ್ತಾ ಇಲ್ಲ, ಫೋನೇ ಕೆಟ್ಟಿದೆ" ಅಂತ ಅಂಗಡಿಗೆ ವಾಪಸ್ ತರುವುದು ಇದರಿಂದಲೇ.

ನಾಲ್ಕೆಳೆ ವೈರು ತಂದರೂ ಒಎನ್‌ಟಿಯಲ್ಲಿ ಟೆಲ್ 1, ಟೆಲ್ 2 ಬೇರೆ ಬೇರೆ ತೂತು. ಎರಡರಲ್ಲೂ ಬಳಕೆಯಾಗುವುದು ನಡುವಿನ ಎರಡು ಕಡ್ಡಿ ಮಾತ್ರ. ಅವನ್ನು ಒಂದೇ ಪ್ಲಗ್ಗಿಗೆ ಸೇರಿಸಲು ಜೋಡಕ ಬೇಕು ಅಥವಾ ಕೆಲಸ ಗೊತ್ತಿದ್ದವರು ವೈರು ಕಟ್ಟಿಕೊಡಬೇಕು. ಈ ರಗಳೆ ಬೇಡ ಅನ್ನುವವರು ಹಿಂದೆ ಎರಡು ಪ್ರತ್ಯೇಕ ತೂತು ಇರುವ ಫೋನ್ ಆರಿಸಿ. ಎರಡು ಮಾಮೂಲಿ ವೈರು, ಎರಡು ಕಡೆ ಚುಚ್ಚಿದರೆ ಮುಗಿಯಿತು.

ಇಂಥ ಫೋನ್ ನಮ್ಮ ಊರಿನ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅಶೋಕ ರಸ್ತೆಯಲ್ಲಿ ಕೇಳಿದರೆ ಒಂದು ಲೈನಿನದು ತೋರಿಸುತ್ತಾರೆ. ಆಗ ಅಮೆರಿಕದಲ್ಲಿರುವ ಮಗನೋ ಅಳಿಯನೋ ನೆನಪಾಗುತ್ತಾರೆ. ಅಲ್ಲಿ ಎರಡು ಲೈನ್, ಮೂರು ಕಾರ್ಡ್‌ಲೆಸ್ ಹ್ಯಾಂಡ್‌ಸೆಟ್, ಯಾರೂ ಎತ್ತದಿದ್ದಾಗ ಮೆಸೇಜ್ ರೆಕಾರ್ಡ್ ಮಾಡಿಕೊಳ್ಳುವ ಆನ್ಸರಿಂಗ್ ಮಷೀನ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತದೆ. ದಯವಿಟ್ಟು ತರಿಸಬೇಡಿ. ಅಲ್ಲಿನ ಡೆಕ್ಟ್ 6.0 ಕಾರ್ಡ್‌ಲೆಸ್ ಫೋನುಗಳು 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ನಮ್ಮಲ್ಲಿ ಅದು ಮೊಬೈಲ್ ಕಂಪನಿಗಳಿಗೆ ಕೊಟ್ಟ ತರಂಗಾಂತರದೊಳಗೆ ಬರುತ್ತದೆ. ಅಕ್ಕಪಕ್ಕದವರ ಮೊಬೈಲ್ ಸಿಗ್ನಲ್‌ಗೆ ತೊಂದರೆ, ಕಾನೂನಿಗೂ ವಿರುದ್ಧ. ಅಡಾಪ್ಟರ್ 120 ವೋಲ್ಟಿನದು, ನಮ್ಮ 230ಕ್ಕೆ ನೇರ ಹಾಕಿದರೆ ಸುಟ್ಟು ಹೋಗುತ್ತದೆ. ಅದನ್ನೂ ಸರಿಪಡಿಸಿಕೊಂಡಿರಿ ಅನ್ನಿ, ಕರೆ ಮಾಡಿದವರ ನಂಬರ್ ಬರುವುದಿಲ್ಲ. ನಮ್ಮ ಲ್ಯಾಂಡ್‌ಲೈನ್‌ಗಳಲ್ಲಿ ಎಷ್ಟೋ ಕಡೆ ನಂಬರನ್ನು ಗುಂಡಿ ಒತ್ತಿದ ಸ್ವರದ ರೂಪದಲ್ಲಿ, ಅಂದರೆ ಡಿಟಿಎಂಎಫ್‌ನಲ್ಲಿ ಕಳಿಸುತ್ತಾರೆ. ಅಮೆರಿಕದ ಫೋನ್‌ಗಳಿಗೆ ಎಫ್‌ಎಸ್‌ಕೆ ಅನ್ನುವ ಬೇರೆ ವಿಧಾನ ಮಾತ್ರ ತಿಳಿಯುತ್ತದೆ. ಇಲ್ಲಿ ಕೊಳ್ಳುವ ಫೋನಿನಲ್ಲೂ ಡಿಟಿಎಂಎಫ್, ಎಫ್‌ಎಸ್‌ಕೆ ಎರಡೂ ಇದೆ ಅಂತ ಪೆಟ್ಟಿಗೆ ಮೇಲೆ ಬರೆದಿದೆಯಾ ನೋಡಿಕೊಳ್ಳಿ.

ಹಾಗಾದರೆ ಇನ್ನೇನು ದಾರಿ? ಸಣ್ಣ ಇಂಟರ್‌ಕಾಮ್ ಬೋರ್ಡ್, ಅಂದರೆ ಇಪಿಎಬಿಎಕ್ಸ್. ಎರಡು ಮೂರು ಹೊರ ಲೈನ್, ಎಂಟು ಒಳ ಫೋನ್ ತಗೊಳ್ಳುವಂಥವು ನಮ್ಮ ದೇಶದಲ್ಲೇ ತಯಾರಾಗುತ್ತವೆ. ಎರಡು ಲೈನೂ ಆ ಬೋರ್ಡಿಗೆ ಬರುತ್ತವೆ. ಅಲ್ಲಿಂದ ಮಾಮೂಲಿ ಅಗ್ಗದ ಫೋನ್‌ಗಳು ಮೇಜಿಗೆ, ಅಡುಗೆಮನೆಗೆ, ಮಹಡಿಗೆ. ಯಾವ ಫೋನಿನಿಂದ ಬೇಕಾದರೂ ಎರಡರಲ್ಲಿ ಒಂದು ಲೈನ್ ಹಿಡಿಯಬಹುದು, ಕರೆಯನ್ನು ಒಳಗೆ ದಾಟಿಸಬಹುದು. ಮನೆಯಲ್ಲಿ ಇಬ್ಬರು ಮೂವರು ಕೆಲಸಕ್ಕೆ ಕೂರುವವರಿದ್ದರೆ ನಾನು ಎರಡು ಲೈನಿನ ಫೋನಿಗಿಂತ ಇದನ್ನೇ ಹೇಳುತ್ತೇನೆ. ಫೋನ್ ಕೆಟ್ಟರೆ ಮರುದಿನವೇ ಬೇರೆ ತಂದು ಹಾಕಬಹುದು, ಬೋರ್ಡ್ ರಿಪೇರಿ ಮಾಡುವವರೂ ಊರಿನಲ್ಲಿ ಸಿಗುತ್ತಾರೆ. ಒಬ್ಬರೇ ಕೂರುವ ಆಫೀಸಿಗೆ ಮಾತ್ರ ಇದು ಅತಿ ಆಯಿತು. ಅವರಿಗೆ ಎರಡು ಬೇರೆ ಬೇರೆ ಒಂದು ಲೈನಿನ ಫೋನ್, ಮೇಲೆ ಹಂಟಿಂಗ್, ಇಷ್ಟೇ ಸಾಕು. ನೋಡಲು ಚೆಂದ ಇಲ್ಲ, ಕೆಲಸ ನಡೆಯುತ್ತದೆ.

ಸಿಮ್ ಹಾಕುವ ಮೇಜಿನ ಫೋನ್‌ಗಳೂ ಇವೆ. ತುರುವನೂರು ರಸ್ತೆಯ ಆಚೆ, ಚಳ್ಳಕೆರೆ ಕಡೆಯ ಹಳ್ಳಿಗಳಲ್ಲಿ ಫೈಬರ್ ಇನ್ನೂ ಬಾರದ ಮನೆಗೆ ಅವು ಸರಿ. ಎರಡು ಸಿಮ್ ಹಾಕುವಂಥದ್ದು ತಗೊಂಡರೆ ಮೇಲೆ ಹೇಳಿದ ಒಂದೇ ರೇಡಿಯೋದ ತಾಪತ್ರಯ ಇಲ್ಲೂ ಇದೆ ಅನ್ನುವುದು ಗೊತ್ತಿರಲಿ.

ನಮ್ಮ ಜನ ಬೀಪ್ ಆದ ಮೇಲೆ ಮಾತಾಡುವುದಿಲ್ಲ

ಆನ್ಸರಿಂಗ್ ಮಷೀನ್ ನಮ್ಮ ಕಡೆ ಬೇರೂರಲೇ ಇಲ್ಲ. ಲ್ಯಾಂಡ್‌ಲೈನ್ ಮನೆಮನೆಗೆ ಬರುವ ಹೊತ್ತಿಗೆ ಮೊಬೈಲೂ ಬಂತು. ಮಿಸ್ಡ್ ಕಾಲ್ ಕೊಟ್ಟರೆ ವಾಪಸ್ ಮಾಡುತ್ತಾರೆ ಅನ್ನುವ ಅಭ್ಯಾಸ ಗಟ್ಟಿಯಾಯಿತು. ಹೀಗಾಗಿ ರೆಕಾರ್ಡ್ ಆದ ಧ್ವನಿ ಕೇಳಿದರೆ ಜಗಳೂರಿನ ರೈತ ಏನು ಮಾಡುತ್ತಾನೆ? "ಹಲೋ... ಹಲೋ... ಸಾರ್, ಅದೀರಾ?" ಅಂತ ಅದಕ್ಕೇ ಉತ್ತರ ಕೊಡುತ್ತಾನೆ. ಬೀಪ್ ಬಂದಾಗ ಗಾಬರಿಯಾಗಿ ಇಟ್ಟುಬಿಡುತ್ತಾನೆ. ಸಂಜೆ ಮಷೀನ್ ಒತ್ತಿದರೆ ಬರೀ ಉಸಿರು, ಹಿಂದೆ ಟ್ರ್ಯಾಕ್ಟರ್ ಸದ್ದು.

ಇದಕ್ಕೆ ಪರಿಹಾರ ಇರುವುದು ನಿಮ್ಮ ಸ್ವಾಗತದ ಮಾತಿನಲ್ಲಿ. ಮಷೀನಿನ ಜೊತೆ ಬರುವ ಇಂಗ್ಲಿಷ್ ಧ್ವನಿ ತೆಗೆದು ನಿಮ್ಮದೇ ಧ್ವನಿ ಹಾಕಿ. ಹೀಗಿರಲಿ:

"ಇದು ರೆಕಾರ್ಡ್ ಮಾಡಿದ ಮಾತು. ನಾವೀಗ ಬೇರೆ ಕರೆಯಲ್ಲಿದ್ದೇವೆ. ಬೀಪ್ ಸದ್ದು ಬಂದ ಮೇಲೆ ನಿಮ್ಮ ಹೆಸರು, ಊರು, ಏನು ವಿಷಯ ಅಂತ ಹೇಳಿ ಫೋನ್ ಇಡಿ. ಸಂಜೆ ಆರರ ಒಳಗೆ ನಾವೇ ಮಾಡುತ್ತೇವೆ."

ರೆಕಾರ್ಡ್ ಅನ್ನುವುದು ಮೊದಲ ಮಾತೇ ಆಗಬೇಕು, ನಮಸ್ಕಾರಕ್ಕಿಂತ ಮೊದಲು. ನಮಸ್ಕಾರ ಅಂದ ಕೂಡಲೇ ಅವರೂ ನಮಸ್ಕಾರ ಅಂದು ಮಾತು ಶುರು ಮಾಡಿಬಿಡುತ್ತಾರೆ. ಊರು ಕೇಳುವುದಕ್ಕೂ ಕಾರಣ ಇದೆ. ಬರೀ ಬಸವರಾಜಪ್ಪ ಅಂದರೆ ಯಾವ ಬಸವರಾಜಪ್ಪ ಅಂತ ಹುಡುಕುವುದು? ಆನಗೋಡಿನ ಬಸವರಾಜಪ್ಪ ಅಂದರೆ ಮುಖ ಕಣ್ಣಿಗೆ ಬರುತ್ತದೆ. ವಾಪಸ್ ಮಾಡುವ ಹೊತ್ತು ಹೇಳಿದರೆ ಅವರು ಮತ್ತೆ ಮತ್ತೆ ಮಾಡಿ ಲೈನ್ ಹಿಡಿಯುವುದಿಲ್ಲ. ಆ ಹೊತ್ತಿಗೆ ನೀವು ಮಾಡಲೇಬೇಕು, ಇಲ್ಲದಿದ್ದರೆ ಮುಂದಿನ ಸಲ ಯಾರೂ ಮೆಸೇಜ್ ಬಿಡುವುದಿಲ್ಲ.

ಮಷೀನ್ ಕೊಳ್ಳುವಾಗ ಒಂದು ಪರೀಕ್ಷೆ ಬಿಡಬೇಡಿ. ಎದುರಿನವರು ಫೋನ್ ಇಟ್ಟದ್ದು ಮಷೀನಿಗೆ ಹೇಗೆ ಗೊತ್ತಾಗುತ್ತದೆ? ಸಾಮಾನ್ಯವಾಗಿ ಬಿಜಿ ಟೋನ್ ಕೇಳಿ ತಿಳಿದುಕೊಳ್ಳುತ್ತದೆ. ನಮ್ಮ ಬಿಜಿ ಟೋನ್ 400 ಹರ್ಟ್ಸ್‌ನ ಒಂದೇ ಸ್ವರ, ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಮೌನ. ಅಮೆರಿಕದ್ದು 480 ಮತ್ತು 620 ಹರ್ಟ್ಸ್ ಎರಡು ಸ್ವರ ಸೇರಿದ್ದು, ಅರ್ಧರ್ಧ ಸೆಕೆಂಡಿನದು. ಅಲ್ಲಿನ ಟೋನ್‌ಗೆ ಹೊಂದಿಸಿದ ಮಷೀನ್ ನಮ್ಮ ಟೋನನ್ನೂ ಮೆಸೇಜ್ ಅಂದುಕೊಂಡು ರೆಕಾರ್ಡ್ ಮಾಡುತ್ತಲೇ ಇರುತ್ತದೆ. ಅಷ್ಟು ಹೊತ್ತೂ ನಿಮ್ಮ ಲೈನ್ ಬಿಜಿ. ಹಾಗಾಗಿ ಮೊಬೈಲಿನಿಂದ ಕರೆ ಮಾಡಿ, ಎರಡು ಮಾತು ಹೇಳಿ, ಇಟ್ಟು ನೋಡಿ. ಕೆಲವೇ ಸೆಕೆಂಡಿನಲ್ಲಿ ಮಷೀನ್ ಲೈನ್ ಬಿಡಬೇಕು.

ಎರಡು ಲೈನಿನ ಮಷೀನಿನಲ್ಲಿ ಎರಡಕ್ಕೂ ಬೇರೆ ಬೇರೆ ಮೆಸೇಜ್ ಪೆಟ್ಟಿಗೆ ಇದೆಯೇ, ಎರಡು ಲೈನಿಗೂ ಒಟ್ಟಿಗೆ ಉತ್ತರಿಸುತ್ತದೆಯೇ ಕೇಳಿ. ಒಂದು ರೆಕಾರ್ಡ್ ಆಗುವಾಗ ಇನ್ನೊಂದು ಸುಮ್ನೆ ಬಡಿದುಕೊಳ್ಳುವ ಮಷೀನೂ ಇರುತ್ತದೆ. ಹೊರಗಿನಿಂದ ಫೋನ್ ಮಾಡಿ ಮೆಸೇಜ್ ಕೇಳುವ ಗುಟ್ಟಿನ ನಂಬರ್ ಕಾರ್ಖಾನೆಯಲ್ಲಿ ಇಟ್ಟದ್ದೇ ಇರಲು ಬಿಡಬೇಡಿ, ತಂದ ದಿನವೇ ಬದಲಿಸಿ.

ಇನ್ನು ಹೊತ್ತಿನ ಲೆಕ್ಕ. ನಮ್ಮ ರಿಂಗ್ ಒಂದು ಸುತ್ತಿಗೆ 3 ಸೆಕೆಂಡ್: 0.4 ಸದ್ದು, 0.2 ಮೌನ, ಮತ್ತೆ 0.4 ಸದ್ದು, ಆಮೇಲೆ 2 ಸೆಕೆಂಡ್ ಮೌನ. ಮಷೀನನ್ನು 5 ರಿಂಗಿಗೆ ಇಟ್ಟರೆ ಸುಮಾರು 15 ಸೆಕೆಂಡಿಗೆ ಎತ್ತುತ್ತದೆ. ಇದರ ಜೊತೆ "20 ಸೆಕೆಂಡ್ ಎತ್ತದಿದ್ದರೆ ಮೊಬೈಲಿಗೆ ಕಳಿಸು" ಅಂತ ಫಾರ್ವರ್ಡ್ ಹಾಕಿದ್ದರೆ ಅದಕ್ಕೆ ಸರದಿ ಬರುವುದೇ ಇಲ್ಲ. ಮೊಬೈಲಿಗೆ ಮೊದಲು ಹೋಗಬೇಕೋ, ಮಷೀನಿಗೆ ಮೊದಲು ಹೋಗಬೇಕೋ ನಿರ್ಧರಿಸಿ ಆಮೇಲೆ ಸೆಕೆಂಡ್ ಹೊಂದಿಸಿ.

ನನ್ನ ಅಭಿಪ್ರಾಯ ಕೇಳಿದರೆ, ಫೈಬರ್ ಇರುವ ಮನೆಗೆ ಮಷೀನ್ ಎರಡನೇ ಆಯ್ಕೆ. ಮನೆಯ ಕರೆಂಟ್ ಹೋದರೆ ಮಷೀನೂ ಹೋಯಿತು, ಲೈನೂ ಹೋಯಿತು. ಆದರೆ ಫಾರ್ವರ್ಡ್ ಅನ್ನುವುದು ಕಂಪನಿಯ ಕಡೆ ಕೂತಿರುತ್ತದೆ. "ಸಂಪರ್ಕಕ್ಕೆ ಸಿಗದಿದ್ದರೆ ಮೊಬೈಲಿಗೆ" ಅಂತ ಹಾಕಿಸಿದ್ದರೆ ನಿಮ್ಮ ಮನೆ ಕತ್ತಲಾಗಿದ್ದರೂ ಕರೆ ಮೊಬೈಲಿಗೆ ಬರುತ್ತದೆ. ಕ್ಲೌಡ್ ಟೆಲಿಫೋನಿ ಕಂಪನಿಗಳೂ ಇವೆ, ಬೆಂಗಳೂರಿನ ಎಕ್ಸೋಟೆಲ್ ಥರದವು. ತಿಂಗಳ ಬಾಡಿಗೆಗೆ ಒಂದು ನಂಬರ್ ಕೊಟ್ಟು, ಕರೆಯನ್ನು ನೀವು ಹೇಳಿದ ಫೋನ್‌ಗಳಿಗೆ ಒಂದಾದ ಮೇಲೊಂದರಂತೆ ಹಂಚಿ, ಯಾರೂ ಎತ್ತದಿದ್ದರೆ ರೆಕಾರ್ಡ್ ಮಾಡಿಡುತ್ತವೆ. ದಿನಕ್ಕೆ ಬೆರಳೆಣಿಕೆಯ ಕರೆ ಬರುವವರಿಗೆ ಆ ಬಾಡಿಗೆ ಭಾರ. ಜಿಯೋ ಫೈಬರ್ ಇದ್ದವರಿಗೆ ಆ ಲ್ಯಾಂಡ್‌ಲೈನ್ ಕರೆಯನ್ನು ಮೊಬೈಲ್ ಆ್ಯಪಿನಲ್ಲೇ ಎತ್ತುವ ಅನುಕೂಲ ಇದೆ.

ಎಲ್ಲಕ್ಕಿಂತ ಅಗ್ಗದ್ದು ಇನ್ನೊಂದು. ವಾಟ್ಸಾಪ್ ಬಿಸಿನೆಸ್ ಅನ್ನು ಲ್ಯಾಂಡ್‌ಲೈನ್ ನಂಬರಿಗೂ ನೋಂದಾಯಿಸಬಹುದು. ಕೋಡ್‌ಗೆ ಎಸ್‌ಎಂಎಸ್ ಬದಲು ಕರೆ ಆರಿಸಿ, ಲ್ಯಾಂಡ್‌ಲೈನ್ ಎತ್ತಿ ಕೇಳಿಸಿಕೊಂಡು ಹಾಕಿ. ಆಮೇಲೆ ಸ್ವಾಗತದ ಮಾತಿಗೆ "ಇದೇ ನಂಬರಿಗೆ ವಾಟ್ಸಾಪ್ ಮಾಡಿ" ಅಂತ ಒಂದು ಸಾಲು ಸೇರಿಸಿ. ಬೀಪ್ ಕೇಳಿ ಗಾಬರಿಯಾಗುವ ಅದೇ ರೈತ ವಾಟ್ಸಾಪ್‌ನಲ್ಲಿ ಎರಡು ನಿಮಿಷದ ವಾಯ್ಸ್ ಮೆಸೇಜ್ ಆರಾಮಾಗಿ ಕಳಿಸುತ್ತಾನೆ, ಜೋಳದ ಫೋಟೋ ಸಮೇತ.

ಎಲ್ಲ ಜೋಡಿಸಿದ ಮೇಲೆ ಎರಡು ಮೊಬೈಲ್ ಹಿಡಿದು ಕೂತುಕೊಳ್ಳಿ. ಒಂದರಿಂದ ಮುಖ್ಯ ನಂಬರಿಗೆ ಮಾಡಿ ಎತ್ತಿ. ಇನ್ನೊಂದರಿಂದ ಅದೇ ನಂಬರಿಗೆ ಮಾಡಿ, ಎರಡನೇ ಲೈನ್ ಬಡಿಯಬೇಕು, ನಿಮ್ಮ ಕಿವಿಯಲ್ಲಿ ಬೀಪ್ ಬರಬಾರದು. ಅದನ್ನೂ ಎತ್ತಿ. ಮನೆಯವರ ಫೋನಿನಿಂದ ಮೂರನೇ ಕರೆ ಮಾಡಿಸಿ, ಅದು ಎಲ್ಲಿಗೆ ಹೋಗುತ್ತದೆ ಕೇಳಿ. ಕೊನೆಗೆ ಯುಪಿಎಸ್ಸನ್ನೂ ಕಳಚಿ ಒಎನ್‌ಟಿ ಆರಿಸಿ ಇನ್ನೊಮ್ಮೆ ಮಾಡಿ. ಇದನ್ನೆಲ್ಲ ಫೋನ್ ವಾಪಸ್ ಕೊಡುವ ಗಡುವಿನೊಳಗೆ ಮುಗಿಸಿ, ಅಲ್ಲಿವರೆಗೆ ಬಿಲ್ಲೂ ಪೆಟ್ಟಿಗೆಯೂ ಹಾಗೇ ಇರಲಿ.